ಕೆಂಪು ದಾರದ ಇನ್ನೊಂದು ತುದಿ

ಸುಗ್ಗಿಯ ಬಿಸಿಲು ಏರುವ ಮೊದಲೇ ಜೋಳದ ಲಾರಿಗಳು ಗೇಟಿನಿಂದ ರಸ್ತೆಯ ತಿರುವಿನವರೆಗೂ ಸಾಲುಗಟ್ಟಿದ್ದವು. ಮುಂದಿನ ಲಾರಿ ಹಿಂಬಾಗಿಲು ಬಿಚ್ಚಿ ತೊಟ್ಟಿಗೆ ಕಾಳು ಸುರಿಯುತ್ತಿತ್ತು. ಎದ್ದ ಧೂಳು ನಾಲ್ಕು ಉಕ್ಕಿನ ಕಣಜಗಳ ನಡುವೆ ಹಳದಿ ಮಂಜಿನಂತೆ ತೂಗಾಡುತ್ತಿತ್ತು. ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದನೆಯ ಕಣಜದಿಂದ ಎರಡನೆಯದಕ್ಕೆ, ಎರಡನೆಯದರಿಂದ ನಾಲ್ಕನೆಯದಕ್ಕೆ ಓಡಾಡುತ್ತಿದ್ದರು. ಮೂರನೆಯದನ್ನು ಸುತ್ತು ಹಾಕಿ ದಾಟುತ್ತಿದ್ದರು.

ಆ ಮೂರನೆಯ ಕಣಜದ ಮೆಟ್ಟಿಲನ್ನು ಜರಡಿ ಒಂದೊಂದಾಗಿ ಎಣಿಸುತ್ತ ಹತ್ತುತ್ತಿದ್ದಳು.

ಜರಡಿ ಎನ್ನುವುದು ಜನ ಇಟ್ಟ ಹೆಸರು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಈಗ ವಿಮಾ ಕಂಪನಿಗಾಗಿ ಅಪಘಾತಗಳ ತನಿಖೆ ಮಾಡುವ ಐವತ್ತೆಂಟರ ಹೆಂಗಸು. ಅವಳ ಕೈಗೆ ಬಿದ್ದ ಮಾತು ಕಲ್ಲು ಬೇರೆ, ಕಾಳು ಬೇರೆ ಆಗದೆ ಕೆಳಗಿಳಿಯುತ್ತಿರಲಿಲ್ಲ.

"ಮೇಡಂ, ಹುಷಾರು!" ಕೆಳಗಿನಿಂದ ಕಣಜದ ಮ್ಯಾನೇಜರ್ ಕೂಗಿದ. "ಬಿದ್ದುಗಿದ್ದೀರಾ, ನನಗೆ ಇನ್ನೊಂದು ಫೈಲ್ ಆಗುತ್ತೆ."

"ಬಿದ್ರೆ ತಪ್ಪು ನಂದೇ ಅಂತ ಬರೀರಿ. ಬಿದ್ದವರದ್ದೇ ತಪ್ಪು ಅಂತ ಬರೆಯೋದು ನಿಮಗೇನು ಹೊಸದಾ?"

ಅವನು ನಕ್ಕ. ಒಂಬತ್ತು ದಿನದ ಹಿಂದೆ ಇದೇ ಬಾಗಿಲಿನಿಂದ ಒಬ್ಬ ಆಳು, ಹೆಪ್ಪುಗಟ್ಟಿದ ಜೋಳ ಒಡೆಯಲು ಒಳಗಿಳಿದಿದ್ದ. ಬಾಗಿಲು ತೆರೆದಿದ್ದರೆ, ಕಾಳನ್ನು ಹೊರಕ್ಕೆಳೆಯುವ ತಳದ ತಿರುಪು ತಿರುಗಬಾರದು. ತಿರುಗಿತ್ತು. ಜೋಳ ಅವನನ್ನು ಮೊಣಕಾಲಿನಿಂದ ಕತ್ತಿನವರೆಗೆ, ಕತ್ತಿನಿಂದ ಕೈಬೆರಳಿನವರೆಗೆ ನುಂಗಿತ್ತು.

ತೊಂಬತ್ತಾರನೆಯ ಮೆಟ್ಟಿಲಲ್ಲಿ ಜರಡಿ ನಿಂತು ಉಸಿರು ತೆಗೆದುಕೊಂಡಳು. ಬಾಗಿಲ ಚೌಕಟ್ಟಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಸ್ವಿಚ್ಚು. ಬಾಗಿಲು ಮುಚ್ಚಿದಾಗ ಅದರಲ್ಲಿರುವ ಅಯಸ್ಕಾಂತ ಈ ಸ್ವಿಚ್ಚಿನ ಎದುರಿಗೆ ಬರುತ್ತದೆ. ಆಗ ಕಂಪ್ಯೂಟರಿಗೆ, ಬಾಗಿಲು ಮುಚ್ಚಿದೆ, ಒಳಗೆ ಯಾರೂ ಇಲ್ಲ ಎಂದು ತಿಳಿಯುತ್ತದೆ.

ಟೆಸ್ಟ್ ಮಾಡುವವರು ಆ ಭಾರದ ಬಾಗಿಲನ್ನು ಒಮ್ಮೆ ತೆರೆದಿಟ್ಟರೆ ಮತ್ತೆ ಮತ್ತೆ ಮುಚ್ಚಿ ತೆರೆಯುವುದಿಲ್ಲ. ಬಟನ್ ಗಾತ್ರದ ಬಿಡಿ ಅಯಸ್ಕಾಂತ ಇಟ್ಟುಕೊಂಡಿರುತ್ತಾರೆ. ಸ್ವಿಚ್ಚಿಗೆ ಹಿಡಿದರೆ ಮುಚ್ಚಿದಂತೆ, ತೆಗೆದರೆ ತೆರೆದಂತೆ. ಮರೆತು ಬಿಟ್ಟು ಬಾರದಿರಲೆಂದು ಅದಕ್ಕೊಂದು ಮೊಳ ಕೆಂಪು ದಾರ. ದಾರದ ಇನ್ನೊಂದು ತುದಿಗೆ, ಯಾರು ಇಟ್ಟರು, ಯಾವಾಗ ತೆಗೆಯಬೇಕು ಎಂದು ಬರೆದ ರಟ್ಟಿನ ಚೀಟಿ.

ಅಂಥ ಒಂದು ಅಯಸ್ಕಾಂತ ಆಳು ಸತ್ತ ದಿನ ಈ ಸ್ವಿಚ್ಚಿಗೆ ಅಂಟಿಕೊಂಡಿತ್ತು. ಅದೀಗ ಜರಡಿಯ ಜೇಬಿನಲ್ಲಿದೆ. ತೆಗೆದು ನೋಡಿದಳು. ನಾಲ್ಕು ಬೆರಳಷ್ಟೇ ದಾರ ಉಳಿದಿದೆ. ತುದಿ ಎಳೆಎಳೆಯಾಗಿಲ್ಲ. ಹರಿದದ್ದಲ್ಲ, ಕೊಯ್ದದ್ದು.

ಮರೆಯುವವರು ದಾರ ಕೊಯ್ಯುವುದಿಲ್ಲ.

ಅಷ್ಟರಲ್ಲಿ ಗಾಳಿ ಬೀಸಿತು. ಕಬ್ಬಿಣದ ಬಾಗಿಲು ಚೌಕಟ್ಟಿನಲ್ಲಿ ಕಟಕಟ ಎಂದು ಹಲ್ಲು ಕಡಿಯಿತು. ಜರಡಿ ಕಿವಿಗೊಟ್ಟು ನಿಂತಳು. ಮತ್ತೆ ಬೀಸಿತು, ಮತ್ತೆ ಕಟಕಟ.

"ಈ ಬಾಗಿಲು ಯಾವಾಗಲೂ ಹೀಗೇನಾ?" ಅವಳು ಮೇಲಿನಿಂದ ಕೂಗಿದಳು.

"ಸುಗ್ಗಿ ಗಾಳಿ ಅಲ್ವಾ ಮೇಡಂ! ಕಂಪ್ಯೂಟರಿಗೆ ಹೊಸ ವರ್ಶನ್ ಹಾಕಿದ ದಿನ ಪ್ರಾಣ ತಿಂದುಬಿಡ್ತು. ಬಾಗಿಲು ಅಲುಗಿದಾಗೆಲ್ಲ ಗಂಟೆ ಹೊಡ್ಕೊಳ್ಳೋದು, ತಿರುಪು ನಿಲ್ಲೋದು. ಲಾರಿಯೋರು ನನ್ನ ಅಮ್ಮ ಅಪ್ಪನ್ನೆಲ್ಲ ನೆನೆಸ್ಕೊಂಡ್ರು. ಮಧ್ಯಾಹ್ನದ ಹೊತ್ತಿಗೆ ತಾನಾಗೇ ಸರಿಹೋಯ್ತು."

"ತಾನಾಗೇ?"

"ಹೂಂ. ದೇವರ ದಯೆ."

ಜರಡಿ ಆ ಮಾತನ್ನು ಬಾಯಲ್ಲಿ ಕಲ್ಲು ಸಿಕ್ಕವಳಂತೆ ಸ್ವಲ್ಪ ಹೊತ್ತು ಇಟ್ಟುಕೊಂಡು ಇಳಿಯತೊಡಗಿದಳು. ನಾಲ್ಕು ಗಂಟೆಗೆ ಇನ್‌ಸ್ಪೆಕ್ಟರ್ ಬರುವವನಿದ್ದ. ಅವಳ ವರದಿಯ ಕೊನೆಯ ಹಾಳೆಯಲ್ಲಿ ಒಂದು ಹೆಸರು ಬೇಕಾಗಿತ್ತು. ಆ ಹೆಸರನ್ನು ಅವನು ಜೀಪಿನಲ್ಲಿ ಕೂರಿಸಿಕೊಂಡು ಹೋಗುವವನಿದ್ದ.

ತನ್ನ ಹೆಸರನ್ನೇ ಬರೆಸಲು ಒಬ್ಬಳು ಕಾದು ಕುಳಿತಿದ್ದಳು.

*

ಚೀಲ ಹೊಲಿಯುವ ಕೊಟ್ಟಿಗೆಯಲ್ಲಿ ಸತ್ತವನ ತಾಯಿ ಕೆಲಸಕ್ಕೆ ಬಂದಿದ್ದಳು. ಸೂತಕ ಹೊಟ್ಟೆಗೆ ತಿಳಿಯುವುದಿಲ್ಲ. ದಬ್ಬಳ ಗೋಣಿಯೊಳಗೆ ಇಳಿದು ಹೊರಬರುತ್ತಿತ್ತು, ಕಣ್ಣು ಎಲ್ಲೋ ಇತ್ತು. ಬಾಗಿಲ ಹತ್ತಿರ ಗೋಡೆಗೆ ಒರಗಿ ಅವಳ ಮಗಳು ಕುಳಿತಿದ್ದಳು. ಕಣಜದ ಸಾಫ್ಟ್‌ವೇರನ್ನು ಟೆಸ್ಟ್ ಮಾಡುವವಳು. ಸತ್ತವನ ತಂಗಿ.

"ಅಮ್ಮಾ, ಒಂಚೂರು ನೀರು ಕೊಡು."

"ಅಣ್ಣನ್ನ ಜೋಳದಲ್ಲಿ ಹೂತು ಬಂದವಳಿಗೆ ನೀರು ಬೇರೆ ಕೇಡು." ತಾಯಿ ದಾರವನ್ನು ಹಲ್ಲಿನಿಂದ ಕಡಿದಳು. "ಅವನ ಬಾಯಲ್ಲಿ ಜೋಳ ತುಂಬಿತ್ತು ಕಣೇ. ನಾನೇ ಬೆರಳು ಹಾಕಿ ತೆಗೆದೆ. ಒಂದು ಬೊಗಸೆ ಆಯ್ತು. ಅದನ್ನ ತಿನ್ನು. ಹಸಿವೂ ಹೋಗುತ್ತೆ, ಬಾಯಾರಿಕೇನೂ ಹೋಗುತ್ತೆ."

ಮಗಳು ತುಟಿ ಒದ್ದೆ ಮಾಡಿಕೊಂಡಳು. ಚೀಲ ಎಣಿಸುತ್ತಿದ್ದ ಹೆಂಗಸರು ಎಣಿಕೆ ತಪ್ಪದಂತೆ ಕೇಳಿಸಿಕೊಂಡರು.

ಜರಡಿ ಅವಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ ತನ್ನ ನೀರಿನ ಬಾಟಲಿ ಕೊಟ್ಟಳು. ಕುಡಿಯುವವರೆಗೂ ಕಾದಳು.

"ಈಗ ಹೇಳು. ಅಯಸ್ಕಾಂತ ಬಿಟ್ಟವರು ಯಾರು?"

"ಒಂಬತ್ತು ದಿನದಿಂದ ಹೇಳ್ತಿದೀನಲ್ಲ ಮೇಡಂ. ನಾನೇ. ಸೋಮವಾರ ಟೆಸ್ಟ್ ಮುಗಿಸಿ ಮರೆತೆ."

"ಸೋಮವಾರ ಸಂಜೆ ನೀನು ಇಳಿದ ಮೇಲೂ ಆ ಬಾಗಿಲು ಎರಡು ಸಲ ತೆರೆದು ಮುಚ್ಚಿದೆ. ಕಂಪ್ಯೂಟರ್ ತಾನೇ ಬರೆದಿಡೋ ಲಾಗ್‌ನಲ್ಲಿದೆ. ನಿನ್ನ ಅಯಸ್ಕಾಂತ ಅಲ್ಲಿದ್ದಿದ್ರೆ ಅದಕ್ಕೆ ಹೇಗೆ ಗೊತ್ತಾಗ್ತಿತ್ತು?"

ಹುಡುಗಿ ಬಾಟಲಿಯ ಮುಚ್ಚಳ ಬಿಗಿದು ವಾಪಸು ಕೊಟ್ಟಳು.

"ನಿನ್ನ ಚೀಲ ತೆಗಿ."

ಚೀಲದಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಅವಳ ಅಯಸ್ಕಾಂತ. ಒಂದು ಮೊಳ ದಾರ, ದಾರದ ತುದಿಗೆ ಚೀಟಿ. ಎಲ್ಲವೂ ಇದ್ದ ಹಾಗೆಯೇ ಇತ್ತು.

"ಮಂಗಳವಾರ ಬೆಳಿಗ್ಗೆ ಹನ್ನೊಂದೂ ಇಪ್ಪತ್ತರಿಂದ ಆ ಬಾಗಿಲು ಒಂದು ಸಲವೂ ತೆರೆದಿಲ್ಲ ಅಂತಿದೆ ಲಾಗು. ನಿಮ್ಮಣ್ಣ ತೆರೆದು ಇಳಿದಾಗಲೂ ತೆರೆದಿಲ್ಲ ಅಂತಿದೆ. ಮಂಗಳವಾರ ನೀನೆಲ್ಲಿದ್ದೆ?"

"ರಜೆ. ಇಲ್ಲೇ ಅಂಗಳದ ಆಚೆ, ನಮ್ಮ ರೂಮಲ್ಲಿ ಬಟ್ಟೆ ಒಗೀತಿದ್ದೆ."

"ಏನು ನೋಡಿದೆ?"

ಲಾರಿಯೊಂದು ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅವಳು ಬಾಯಿಬಿಟ್ಟಳು.

"ಅಣ್ಣ ಮೇಲೆ ನಿಂತಿದ್ದ. ಬಾಗಿಲ ಹತ್ತಿರ ಏನೋ ಇಟ್ಟ. ಕುಡುಗೋಲಿನಿಂದ ಏನೋ ಕೊಯ್ದ. ಇಳಿದು ಬಂದು ನನ್ನ ತಲೆಗೆ ಒಂದು ಮೊಟಕಿ, 'ನಿನ್ನ ಕೆಲಸ ಹಗುರ ಮಾಡಿದೀನಿ ಕಣೇ, ಒಂದು ಊಟ ಬಾಕಿ' ಅಂದ. ನಾನು ತಮಾಷೆ ಅಂದ್ಕೊಂಡೆ."

"ಹಾಗಾದ್ರೆ ಯಾಕೆ ನಿನ್ನ ಮೇಲೆ ಹಾಕ್ಕೊಳ್ತೀಯ?"

"ಕಾವಲಿಗಿಟ್ಟ ಸ್ವಿಚ್ಚನ್ನ ಆಳೇ ಕಟ್ಟಿಹಾಕಿದ್ರೆ ತಪ್ಪು ಆಳಿನದು ಅಂತಾರೆ. ಅಮ್ಮನಿಗೆ ಕಂಪನಿ ಏನೂ ಕೊಡಲ್ಲ. ಇರೋ ರೂಮೂ ಕಿತ್ಕೊಳ್ತಾರೆ. ಈ ವಯಸ್ಸಲ್ಲಿ ಅವಳು ಎಲ್ಲಿ ಹೋಗ್ತಾಳೆ?" ಅವಳು ಜರಡಿಯ ತೋಳು ಹಿಡಿದಳು. "ಮೇಡಂ, ನೀವು ಇನ್ನು ಹುಡುಕಬೇಡಿ. ನನ್ನ ಹೆಸರು ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಮೇಲಿನವರು ಬರಹದಲ್ಲಿ ಅಪ್ಪಣೆ ಕೊಟ್ಟಿದ್ರೆ ಮಾತು ಬೇರೆ. ಆಗ ತಪ್ಪು ಆಳಿನದಲ್ಲ."

"ಅವನಿಗ್ಯಾರು ಬರೆದು ಕೊಡ್ತಾರೆ ಮೇಡಂ? ಕೂಗಿ ಕರೆದ್ರೆ ಓಡೋನು."

ಒಳಗಿನಿಂದ ತಾಯಿಯ ದನಿ ಬಂತು. "ಅಣ್ಣನ್ನ ತಿಂದಾಯ್ತು, ಈಗ ಯಾರ ತಲೆ ತಿಂತಿದಾಳೋ!"

ಹುಡುಗಿ ಆ ದನಿ ಬಂದ ಕಡೆಗೆ ತಿರುಗಿಯೂ ನೋಡಲಿಲ್ಲ. ಬೈಗುಳವನ್ನು ಬಿಸಿಲಿನಂತೆ ಬೆನ್ನ ಮೇಲೆ ಹೊತ್ತುಕೊಳ್ಳಲು ಅವಳು ಕಲಿತುಬಿಟ್ಟಿದ್ದಳು.

*

ಟೆಸ್ಟಿಂಗ್ ಕೋಣೆ ತಂಪಾಗಿತ್ತು. ಧೂಳು ಬಾರದಂತೆ ಕಿಟಕಿಗಳಿಗೆ ಗಾಜು, ಗಾಜಿನ ಅಂಚಿಗೆ ಅಂಟುಪಟ್ಟಿ. ವಿಭಾಗದ ಮುಖ್ಯಸ್ಥ ಎದ್ದು ನಿಂತ. ಬಂದವರಿಗೆಲ್ಲ ಪಾಠ ಹೇಳುತ್ತಾನೆಂದು ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅವನಿಗೆ ಪಾಠ ಹೇಳಿಕೊಟ್ಟವಳು ಜರಡಿ. ಆಗ ಅವನಿಗೆ ಇಪ್ಪತ್ತೆರಡು ವರ್ಷ.

"ಬನ್ನಿ ಮೇಡಂ. ಊಟ ಆಯ್ತಾ?"

"ಆಯ್ತು." ಆಗಿರಲಿಲ್ಲ. ಅವಳು ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಲಾಗಿನ ಪ್ರತಿಯನ್ನೂ ಜೊತೆಗಿಟ್ಟಳು. "ಸೋಮವಾರ ಹಳೇ ವರ್ಶನ್ ಮೇಲೆ ನಲವತ್ಮೂರು ಟೆಸ್ಟು, ಎಲ್ಲಾ ಪಾಸ್. ಮಂಗಳವಾರ ಹೊಸ ವರ್ಶನ್ ಬಂತು. ಮತ್ತೆ ನಲವತ್ಮೂರೂ ಓಡಿಸಿದೀರಿ, ಎಲ್ಲಾ ಪಾಸ್."

"ರಿಗ್ರೆಶನ್ ಮೇಡಂ. ಒಂದು ಸಾಲು ತಿದ್ದಿದ್ರೂ ಹಳೇದನ್ನೆಲ್ಲ ಮೊದಲಿಂದ ನೋಡಬೇಕು. ಒಂದು ಕಡೆ ತೇಪೆ ಹಾಕಿದ್ರೆ ಇನ್ನೊಂದು ಕಡೆ ಹರಿಯುತ್ತೆ. ನಿಮ್ಮ ಮಾತೇ ಅದು."

"ಹದಿನೇಳನೇ ಟೆಸ್ಟ್ ನೋಡು. ಗಾಳಿಯಂತ್ರ ನಿಲ್ಲೋಕೆ ಸೋಮವಾರ ಒಂಬತ್ತೂವರೆ ಸೆಕೆಂಡ್. ಮಂಗಳವಾರಾನೂ ಒಂಬತ್ತೂವರೆ. ಇಪ್ಪತ್ತೆರಡು ನೋಡು, ಮೂವತ್ತು ನೋಡು. ನಲವತ್ಮೂರೂ ಕೂದಲೆಳೆ ವ್ಯತ್ಯಾಸ ಇಲ್ಲ. ಅವಳಿಜವಳಿ ಮಕ್ಕಳೂ ಒಂದೇ ಹೊತ್ತಿಗೆ ಸೀನಲ್ಲ ಮೇಷ್ಟ್ರೇ."

ಅವನು ಹಾಳೆ ಮುಟ್ಟಲಿಲ್ಲ.

"ನಲವತ್ತೊಂದನೇದು: ಬಾಗಿಲು ತೆರೆದಾಗ ತಿರುಪು ನಿಲ್ಲಬೇಕು. ಮಧ್ಯಾಹ್ನ ಮೂರಕ್ಕೆ ಪಾಸ್ ಅಂತ ಬರೆದಿದೆ. ಬಾಗಿಲು ಹನ್ನೊಂದೂ ಇಪ್ಪತ್ತರಿಂದ ತೆರೆದೇ ಇಲ್ಲ ಅಂತಿದೆ ಲಾಗು. ತೆರೆಯದ ಬಾಗಿಲು ಹೇಗೆ ಪಾಸಾಯ್ತು?"

"ಹುಡುಗಿ ನಕಲು ಮಾಡಿರಬೇಕು. ಸಹಿ ಅವಳದ್ದೇ."

"ಹುಡುಗಿ ಅವತ್ತು ಬಟ್ಟೆ ಒಗೀತಿದ್ಳು. ಅವಳ ಪಾಸ್‌ವರ್ಡ್ ಗೊತ್ತಿರೋದು ನಿನಗೊಬ್ಬನಿಗೇ."

ಜರಡಿ ಗೋಡೆಯ ಕಪಾಟಿನತ್ತ ನಡೆದಳು. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟ. ಕಪಾಟಿನಲ್ಲಿ ಮೇಷ್ಟ್ರು ತನ್ನ ಬಳಕೆಗೆಂದೇ ಇಟ್ಟ ಮರದ ಪೆಟ್ಟಿಗೆ, ಅದರಲ್ಲಿ ಆರು ಗುಳಿ. ಐದರಲ್ಲಿ ಅಯಸ್ಕಾಂತಗಳು ದಾರ ಸುತ್ತಿಕೊಂಡು ಮಲಗಿದ್ದವು. ಮೂರನೆಯ ಗುಳಿ ಖಾಲಿ. ಜೇಬಿನಲ್ಲಿದ್ದದ್ದನ್ನು ತೆಗೆದು ಅವಳು ಅದರ ಹಿಂಬದಿ ತೋರಿಸಿದಳು. ಮೊಳೆಯಿಂದ ಗೀಚಿದ ಮೂರು ಎಂಬ ಅಂಕಿ.

ಖಾಲಿ ಗುಳಿಗೆ ಹಾಕಿದಳು. ಟಕ್ ಎಂದು ಕೂತಿತು.

ಮೇಷ್ಟ್ರು ಬಾಗಿಲು ಮುಚ್ಚಿ ಬಂದು ಕುಳಿತ. ಅವನ ಮುಖದಲ್ಲಿ ಹೆದರಿಕೆ ಹುಡುಕಿದ ಜರಡಿಗೆ ಬರೀ ದಣಿವು ಸಿಕ್ಕಿತು.

"ಲಾರಿಗಳು ನಿಂತಿದ್ವು. ಮ್ಯಾನೇಜರ್ ನನ್ನ ತಲೆ ಮೇಲೆ ಕೂತಿದ್ದ. ಬಗ್ ತಿದ್ದಿ, ಎಲ್ಲಾ ಮತ್ತೆ ಟೆಸ್ಟ್ ಮಾಡೋಕೆ ಮೂರು ವಾರ ಬೇಕು. ಸುಗ್ಗಿ ಇರೋದೇ ಮೂರು ವಾರ. ಮೂರನೇ ಕಣಜದ್ದೇ ಕಾಟ. ಅವಳಣ್ಣನ್ನ ಕರೆದೆ. ಇದನ್ನ ಇಟ್ಟು ಬಾ, ಗಂಟೆ ನಿಲ್ಲುತ್ತೆ ಅಂದೆ."

"ತಿರುಪಿನ ಕಾವಲೂ ಹೋಗುತ್ತೆ ಅಂತ ಹೇಳಿದೆಯಾ?"

"ಹೇಳಿದ್ರೆ ಇಡ್ತಿದ್ನಾ?"

ಅದನ್ನು ಅವನು ದನಿ ಏರಿಸದೆ, ಹವಾಮಾನದ ಮಾತಿನಂತೆ ಹೇಳಿದ.

"ದಾರ?"

"ಕೆಳಗಿನಿಂದ ಕೆಂಪಗೆ ಕಾಣುತ್ತೆ, ಕೊಯ್ದುಬಿಡು ಅಂದೆ."

"ಚೀಟಿ?"

ಅವನು ಕಣ್ಣು ಮಿಟುಕಿಸಿದ. ಒಂದೇ ಸಲ. "ಚೀಟಿ ಇರಲಿಲ್ಲ. ಬಾಯಿಮಾತು ಅಷ್ಟೇ. ಕೇಳಿಸಿಕೊಂಡ ಕಿವಿ ಜೋಳದಲ್ಲಿ ಹೋಯ್ತು."

"ನಾಲ್ಕು ಗಂಟೆಗೆ ನಿನ್ನ ಹೆಸರು ಬರೀತೀನಿ."

"ಬರೀರಿ. ಆದರೆ ಮೊದಲು ಏನು ಬರೀಬೇಕು? ಇಟ್ಟ ಕೈ ಆಳಿನದು ಅಂತ. ನಾನು ಹೇಳಿದೆ ಅನ್ನೋದಕ್ಕೆ ಬರಹ ಎಲ್ಲಿದೆ? ನನ್ನ ವಕೀಲ ಅಷ್ಟು ಹಿಡ್ಕೊಂಡ್ರೆ ಸಾಕು. ಮುದುಕಿ ಗಂಟುಮೂಟೆ ಕಟ್ಟಬೇಕು. ಮಗಳು ಒಂಬತ್ತು ದಿನ ಬೈಸಿಕೊಂಡಿದ್ದೂ ನೀರಲ್ಲಿ ಹೋಮ."

ಅವನು ಮೇಜಿನ ಕೆಳಖಾನೆಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಒಂದು ಹಳೆಯ ಕಾಗದ ತೆಗೆದ. ನೋಡದೆಯೇ ಜರಡಿಗೆ ಅದು ಏನೆಂದು ಗೊತ್ತಾಯಿತು. ಎಣ್ಣೆ ಗಿರಣಿ. ಇಪ್ಪತ್ಮೂರು ವರ್ಷದ ಹಿಂದೆ. ಅಲ್ಲೂ ಒಂದು ಅಯಸ್ಕಾಂತ. ಮರೆತದ್ದು ಅವಳು, ಹಾಳೆಯಲ್ಲಿ ಸಹಿ ಇದ್ದದ್ದು ಹೊಸದಾಗಿ ಸೇರಿದ ಇವನದು. ಗಿರಣಿಯ ಹೆಂಗಸೊಬ್ಬಳ ಅಂಗೈ ಹೋಗಿತ್ತು. ಇವನು ಬಾಯಿ ಬಿಟ್ಟಿರಲಿಲ್ಲ. ಮೂರು ವರ್ಷ ಯಾರೂ ಇವನಿಗೆ ಕೆಲಸ ಕೊಟ್ಟಿರಲಿಲ್ಲ.

"ಚೀಟಿ, ದಾರ, ನಿಯಮ ಎಲ್ಲಾ ನೀವು ಆಮೇಲೆ ಮಾಡಿದ್ದು," ಮೇಷ್ಟ್ರು ಹೇಳಿದ. "ಊರಿಗೆಲ್ಲ ನೀವು ದೊಡ್ಡವರಾದ್ರಿ. ಆ ಮೂರು ವರ್ಷ ನಮ್ಮಪ್ಪ ನನ್ನ ಮುಖ ನೋಡಲಿಲ್ಲ, ಹಾಗೇ ಸತ್ತ. ಒಂದು ದಿನ ಬಂದು ಕೇಳಿದೀನಾ? ಇಲ್ಲ. ಇವತ್ತು ಕೇಳ್ತಿದೀನಿ. ನಿಮ್ಮ ಋಣ ತೀರಿಸಿ."

"ಆ ಹುಡುಗಿಯನ್ನ ಕೊಟ್ಟು?"

"ಅವಳೇ ಕತ್ತು ಕೊಡ್ತಿದಾಳಲ್ಲ ಮೇಡಂ. ನೀವು ಕೊಯ್ಯಬೇಕಾಗಿಯೂ ಇಲ್ಲ. ಪೆನ್ನು ಆಡಿಸಿದ್ರೆ ಸಾಕು."

ಜರಡಿ ಕಿಟಕಿಯ ಗಾಜಿನಾಚೆ ನೋಡಿದಳು. ಹೊರಗೆ ಜೋಳ ಸುರಿಯುತ್ತಲೇ ಇತ್ತು. ಗಾಜು ಸದ್ದನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಅವಳು ಹಾಳೆಗಳನ್ನು ಮಡಚಿಕೊಂಡಳು, ಲಾಗಿನ ಪ್ರತಿಯನ್ನು ಮಾತ್ರ ಮೇಜಿನ ಮೇಲೆಯೇ ಬಿಟ್ಟಳು.

ಮೇಷ್ಟ್ರು ಎದ್ದು ಅವಳಿಗಾಗಿ ಬಾಗಿಲು ತೆರೆದ. ಶಿಷ್ಯನಲ್ಲವೇ.

*

ನಾಲ್ಕು ಗಂಟೆಗೆ ಮ್ಯಾನೇಜರನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಹುಡುಗಿ ನಿಂತೇ ಇದ್ದಳು. ತಾಯಿ ಹೊಸ್ತಿಲಾಚೆ ಕುಳಿತಿದ್ದಳು.

"ಏನಮ್ಮಾ, ಒಪ್ಕೋತೀಯಾ?"

"ಹೂಂ ಸಾರ್. ನಾನೇ ಮರೆತೆ."

"ವರದಿ ಏನು ಹೇಳುತ್ತೆ ಮೇಡಂ?"

ಜರಡಿ ಕೊನೆಯ ಹಾಳೆ ತೆಗೆದಳು. ಜೀವಮಾನವಿಡೀ ಅವಳು ಸಹಿ ಹಾಕುವ ಮುನ್ನ ಮೂರು ಸಲ ಓದುತ್ತಿದ್ದಳು. ಈ ದಿನ ಒಂದು ಸಲವೂ ಓದಲಿಲ್ಲ. ಹುಡುಗಿಯ ಹೆಸರು ಬರೆದಳು, ಕೆಳಗೆ ತನ್ನದು ಗೀಚಿದಳು. ಹುಡುಗಿ ಉಸಿರು ಬಿಟ್ಟಳು. ಅವಳ ಕಣ್ಣಲ್ಲಿ ಕಂಡದ್ದು ಕೃತಜ್ಞತೆ. ಅದನ್ನು ನೋಡಲಾರದೆ ಜರಡಿ ಪೆನ್ನಿನ ಮುಚ್ಚಳ ಹುಡುಕತೊಡಗಿದಳು.

ಹೊಸ್ತಿಲು ದಾಟುವಾಗ ಮಗಳು ಬಗ್ಗಿದಳು. "ಅಮ್ಮಾ, ಬರ್ತೀನಿ. ರೂಮಿನ ಬೀಗದ ಕೈ ಕೊಟ್ಟಿಗೇಲಿ ಅಣ್ಣನ ಡಬ್ಬಿ ಹಿಂದೆ ಇದೆ."

ತಾಯಿ ಕಾಲು ಎಳೆದುಕೊಂಡಳು. "ಮುಟ್ಟಬೇಡ."

ಜೀಪು ಲಾರಿಗಳ ಸಾಲನ್ನು ಬಳಸಿ ಹೋಯಿತು. ಧೂಳು ಎದ್ದು ಕೂತಿತು. ಮ್ಯಾನೇಜರ್ ಮೂರನೆಯ ಕಣಜ ತುಂಬಿಸಬಹುದೇ ಎಂದು ಕೇಳಿದ. ಜರಡಿ ತಲೆಯಾಡಿಸಿದಳು. ಋಣ ತೀರಿತ್ತು.

ಅವಳು ಚೀಲ ಹೆಗಲಿಗೇರಿಸುವಾಗ ತಾಯಿ ಹತ್ತಿರ ಬಂದು ನಿಂತಳು. ಕೈಯಲ್ಲಿ ಮಗನ ಊಟದ ಡಬ್ಬಿ.

"ತಾಯಿ, ನಿಮಗೆ ಓದು ಬರುತ್ತಲ್ಲ. ನನ್ನ ಕಣ್ಣು ಹೊಲಿದೂ ಹೊಲಿದೂ ಹೋಯ್ತು. ಒಂಬತ್ತು ದಿನ ಇದನ್ನ ತೆಗೆಯೋಕೆ ಧೈರ್ಯ ಆಗಿರಲಿಲ್ಲ. ಈಗ ತೆಗೆದೆ. ಮೇಲಿನ ಮುಚ್ಚಳದೊಳಗೆ ಇಟ್ಟಿದ್ದ. ಚೀಟಿಪಾಟಿ ಏನೇ ಕೊಟ್ರೂ ಬಿಸಾಡೋನಲ್ಲ ನನ್ನ ಮಗ. ಕೊನೇದಾಗಿ ಇಟ್ಟುಕೊಂಡಿದ್ದು ಏನು ಅಂತ ಗೊತ್ತಾದ್ರೆ ಸಾಕು."

ಮುಚ್ಚಳದಲ್ಲಿ ಮುಕ್ಕಾಲು ಮೊಳ ಕೆಂಪು ದಾರ ಅಚ್ಚುಕಟ್ಟಾಗಿ ಸುರುಳಿ ಸುತ್ತಿಕೊಂಡಿತ್ತು. ಅದರ ತುದಿಗೆ ರಟ್ಟಿನ ಚೀಟಿ. ಇಪ್ಪತ್ತೆರಡರ ಹುಡುಗನಿಗೆ ಅವಳೇ ತಿದ್ದಿಸಿದ ದುಂಡು ಅಕ್ಷರ. ಇಪ್ಪತ್ತು ವರ್ಷದ ಅಭ್ಯಾಸ, ಕೈ ತಡೆಯದೆ ಬರೆದುಬಿಟ್ಟಿತ್ತು.

'ಟೆಸ್ಟ್ ೪೧. ಮಂಗಳವಾರ. ಗಂಟೆ ನಿಲ್ಲಿಸಲು ಮಾತ್ರ. ಒಳಗೆ ಇಳಿಯಲು ಅಡ್ಡಿಯಿಲ್ಲ. ನಾನು ಹೇಳುವವರೆಗೆ ತೆಗೆಯಬಾರದು.' ಕೆಳಗೆ ಮೇಷ್ಟ್ರ ಪೂರ್ತಿ ಸಹಿ.

ಬರಹದಲ್ಲಿ ಅಪ್ಪಣೆ.

ತಿರುವಿನಾಚೆ ಜೀಪಿನ ಹಾರ್ನ್ ಕೇಳಿಸಿತು. ಟೆಸ್ಟಿಂಗ್ ಕೋಣೆಯ ಗಾಜಿನ ಹಿಂದೆ ಒಬ್ಬ ಮನುಷ್ಯ ನಿಂತು ಇತ್ತಲೇ ನೋಡುತ್ತಿದ್ದ. ಅವನಿಗೂ ಕೆಂಪು ಕಂಡಿತ್ತು.

"ಓದಿ ತಾಯಿ," ಎಂದಳು ಮುದುಕಿ. "ಏನು ಬರೆದಿದೆ?"